ರೈಲನ್ನು ಹೊತ್ತು ಕಡಲು ದಾಟುವ ಹಡಗು ಎಷ್ಟು ಸುರಕ್ಷಿತ?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕ. ನನ್ನ ಅಜ್ಜ ಬ್ರಿಟಿಷರ ಕಾಲದಲ್ಲಿ ಕೊಲಂಬೊಗೆ ಹೋಗಿಬಂದವರು. ಧನುಷ್ಕೋಟಿಯಲ್ಲಿ ರೈಲನ್ನೇ ಹಡಗಿಗೆ ಏರಿಸಿ ಲಂಕೆಗೆ ದಾಟಿಸುತ್ತಿದ್ದರು ಎಂದು ಅವರು ಹೇಳುತ್ತಿದ್ದುದನ್ನು ಕೇಳಿಕೊಂಡೇ ಬೆಳೆದೆ. ಈಗ ಮೊಮ್ಮಗ ಅದೆಲ್ಲ ಕಟ್ಟುಕತೆ ಎನ್ನುತ್ತಾನೆ. ಇನ್ನೊಂದು ವಿಷಯ. ನನ್ನ ಮಗಳು ಇಟಲಿಯಲ್ಲಿದ್ದಾಳೆ. ನಾವು ದಂಪತಿ ಅಲ್ಲಿಗೆ ಹೋದಾಗ ರೋಮ್‌ನಿಂದ ಸಿಸಿಲಿಗೆ ರಾತ್ರಿ ರೈಲಿನಲ್ಲಿ ಕರೆದೊಯ್ಯಬೇಕೆಂಬುದು ಅವಳ ಆಸೆ. ಅಲ್ಲಿ ರೈಲು ಬೋಗಿಗಳ ಸಮೇತ ಹಡಗಿನೊಳಗೆ ಹೋಗುತ್ತದಂತೆ. ಜಪಾನಿನಲ್ಲಿ ಇಂಥದೇ ಹಡಗು ಬಿರುಗಾಳಿಗೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಓದಿದಾಗಿನಿಂದ ನನ್ನ ಪತ್ನಿಗೆ ಭಯ ಹತ್ತಿದೆ. ರೈಲಿನ ಭಾರ ತಾಳಲಾರದೆ ಹಡಗು ಮುಳುಗಿತೇ? ಆಕೆಗೆ ಮಂಡಿನೋವು ಇರುವುದರಿಂದ ಬೋಗಿಯಲ್ಲೇ ಕುಳಿತಿರಬಹುದೇ? ಅಥವಾ ಈ ದಾರಿಯನ್ನೇ ಬಿಡುವುದು ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಬುಡದಲ್ಲಿರುವ ಆತಂಕ ಒಂದೇ: ನೆಲದ ಮೇಲೆ ಓಡಬೇಕಾದ ಅಷ್ಟು ಭಾರದ ರೈಲನ್ನು ನೀರಿನ ಮೇಲೆ ಸಾಗಿಸುವುದು ಸಾಧ್ಯವೇ, ಸಾಧ್ಯವಾದರೂ ಅದನ್ನು ನಂಬಬಹುದೇ ಎಂಬುದು. ಹಡಗುಗಳ ಸ್ಥಿರತೆಯ ಲೆಕ್ಕವನ್ನು ಪರಿಶೀಲಿಸುವುದೇ ನನ್ನ ವೃತ್ತಿಯಾಗಿದ್ದರಿಂದ ಇಂಥ ಹಡಗುಗಳ ಇತಿಹಾಸವನ್ನು ಆಸಕ್ತಿಯಿಂದಲೂ ಅಗತ್ಯದಿಂದಲೂ ಓದಿದ್ದೇನೆ.

ಮೊದಲು ಧನುಷ್ಕೋಟಿಯ ವಿಷಯ. ನಿಮ್ಮ ಮೊಮ್ಮಗನ ಮಾತು ಸರಿ. ಆದರೆ ಅಜ್ಜನವರು ಕತೆ ಕಟ್ಟಿದರೆಂದು ನಾನು ಹೇಳಲಾರೆ. 1914ರ ಫೆಬ್ರವರಿಯಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಮದ್ರಾಸಿನಿಂದ ಹೊರಟ ‘ಬೋಟ್ ಮೇಲ್’ ಎಂಬ ರೈಲು ಧನುಷ್ಕೋಟಿಯ ಧಕ್ಕೆಯವರೆಗೂ ಬಂದು, ಕಾದು ನಿಂತ ಹಡಗಿನ ಮಗ್ಗುಲಿಗೇ ನಿಲ್ಲುತ್ತಿತ್ತು. ಪ್ರಯಾಣಿಕರು ಇಳಿದು ಹಡಗು ಹತ್ತಿ, ಸುಮಾರು 35 ಕಿಲೋಮೀಟರ್ ಕಡಲು ದಾಟಿ, ಲಂಕೆಯ ದಡದ ತಲೈಮನ್ನಾರಿನಲ್ಲಿ ಕಾದಿರುತ್ತಿದ್ದ ಇನ್ನೊಂದು ರೈಲು ಹಿಡಿಯುತ್ತಿದ್ದರು. ಮದ್ರಾಸಿನಲ್ಲಿ ಕೊಂಡ ಒಂದೇ ಟಿಕೆಟ್ ಕೊಲಂಬೊವರೆಗೆ ನಡೆಯುತ್ತಿತ್ತು. ಅರ್ಧನಿದ್ದೆಯಲ್ಲಿ ರೈಲಿನಿಂದ ಹಡಗಿಗೂ ಹಡಗಿನಿಂದ ರೈಲಿಗೂ ದಾಟಿದವರ ನೆನಪಿನಲ್ಲಿ ಅದು ಒಂದೇ ರೈಲಾಗಿ ಉಳಿದಿದ್ದರೆ ಅಚ್ಚರಿಯಿಲ್ಲ.

ರೈಲೇ ದಾಟಿರಲಾರದು ಎನ್ನುವುದಕ್ಕೆ ದಾಖಲೆ ಹುಡುಕುವ ಅಗತ್ಯವೂ ಇಲ್ಲ, ಹಳಿಗಳ ಅಗಲವೇ ಸಾಕ್ಷಿ. ಧನುಷ್ಕೋಟಿಗೆ ಬರುತ್ತಿದ್ದುದು ಮೀಟರ್ ಗೇಜ್ ಮಾರ್ಗ; ಹಳೆಯ ಮೈಸೂರು–ಬೆಂಗಳೂರು ರೈಲಿನಲ್ಲಿ ಓಡಾಡಿದ ನಿಮಗೆ ಆ ಗೇಜಿನ ಕಿರಿದಾದ ಬೋಗಿಗಳು ನೆನಪಿರುತ್ತವೆ. ಲಂಕೆಯ ಮುಖ್ಯ ಮಾರ್ಗಗಳೆಲ್ಲ ಬ್ರಾಡ್ ಗೇಜ್, ಅಂದರೆ 1,676 ಮಿಲಿಮೀಟರ್. ಇಲ್ಲಿಯ ಬೋಗಿಯನ್ನು ಹಡಗಿನಲ್ಲಿ ಒಯ್ದಿದ್ದರೂ ಆಚೆ ದಡದ ಹಳಿಯ ಮೇಲೆ ಅದು ನಿಲ್ಲುವಂತಿರಲಿಲ್ಲ. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಟಿ ನಾಶವಾಗಿ, ಪಾಂಬನ್‌ನಿಂದ ಬರುತ್ತಿದ್ದ ಪ್ಯಾಸೆಂಜರ್ ರೈಲೊಂದು ಜನರ ಸಮೇತ ಕಡಲಿನ ಪಾಲಾಯಿತು. ಆ ದುರಂತದ ಸುದ್ದಿಯೂ ಹಳೆಯ ನೆನಪುಗಳ ಜೊತೆ ಬೆರೆತು ರೈಲು ಕಡಲಿಗೆ ಇಳಿಯುತ್ತಿತ್ತು ಎಂಬ ಮಾತಿಗೆ ಇಂಬು ಕೊಟ್ಟಿರಬಹುದು ಎಂದು ನನ್ನ ಊಹೆ.

ಹಾಗೆಂದು ನಮ್ಮ ದೇಶದಲ್ಲಿ ರೈಲಿನ ಡಬ್ಬಿಗಳು ನೀರು ದಾಟಿಯೇ ಇಲ್ಲವೆಂದಲ್ಲ. ಅಸ್ಸಾಮಿನಲ್ಲಿ ಬ್ರಹ್ಮಪುತ್ರದ ಒಂದು ದಡದ ಅಮೀನ್‌ಗಾಂವ್‌ನಿಂದ ಇನ್ನೊಂದು ದಡದ ಪಾಂಡುವಿಗೆ ಗೂಡ್ಸ್ ವ್ಯಾಗನ್‌ಗಳನ್ನು ಹಳಿ ಜೋಡಿಸಿದ ನೌಕೆಗಳ ಮೇಲೆ ಸಾಗಿಸುತ್ತಿದ್ದರು. 1962ರಲ್ಲಿ ಸರಾಯ್‌ಘಾಟ್ ಸೇತುವೆ ಬಂದ ಮೇಲೆ ಅದು ನಿಂತಿತು. ಗಂಗೆಯ ಮೊಕಾಮೆ ಘಾಟ್‌ನಲ್ಲಿ ಮಾತ್ರ ಮತ್ತೆ ಗೇಜಿನದೇ ತೊಡಕು: ಒಂದು ದಡದಲ್ಲಿ ಬ್ರಾಡ್ ಗೇಜ್, ಇನ್ನೊಂದು ದಡದಲ್ಲಿ ಮೀಟರ್ ಗೇಜ್. ಹುಲಿ ಬೇಟೆಗೆ ಹೆಸರಾದ ಜಿಮ್ ಕಾರ್ಬೆಟ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಮಾಡಿದ ಕೆಲಸವೆಂದರೆ ಒಂದು ಗೇಜಿನ ವ್ಯಾಗನ್‌ನಿಂದ ಇನ್ನೊಂದಕ್ಕೆ ಸರಕನ್ನು ಕೂಲಿಯಾಳುಗಳ ತಲೆಹೊರೆಯ ಮೂಲಕ ಸಾಗಿಸುವುದರ ಉಸ್ತುವಾರಿ.

ಈ ಹೊರೆ ಇಳಿಸಿ ಏರಿಸುವ ಕಷ್ಟವೇ ರೈಲು ಹೊರುವ ಹಡಗಿನ ಹುಟ್ಟಿಗೆ ಕಾರಣ. ಸ್ಕಾಟ್ಲೆಂಡಿನ ಫೋರ್ತ್ ಕೊಲ್ಲಿಯಲ್ಲಿ ಗ್ರಾಂಟನ್ ಮತ್ತು ಬರ್ನ್‌ಟೈಲೆಂಡ್ ನಡುವೆ ಸುಮಾರು 8 ಕಿಲೋಮೀಟರ್ ನೀರು ಅಡ್ಡವಿತ್ತು. ಅಲ್ಲಿ 1850ರಲ್ಲಿ ಎಂಜಿನಿಯರ್ ಥಾಮಸ್ ಬೌಚ್ ಹಳಿ ಹಾಸಿದ ‘ಲೆವಯಥನ್’ ಎಂಬ ಹಡಗನ್ನು ನೀರಿಗಿಳಿಸಿ, ಸರಕಿನ ವ್ಯಾಗನ್‌ಗಳನ್ನು ಇದ್ದ ಹಾಗೆಯೇ ದಾಟಿಸಲು ಆರಂಭಿಸಿದ. ಅವನಿಗೆ ಎದುರಾದ ದೊಡ್ಡ ಸವಾಲು ಹಡಗಿನದಲ್ಲ, ಭರತ ಇಳಿತದ್ದು. ನೀರಿನ ಮಟ್ಟ ದಿನದಲ್ಲಿ ಎರಡು ಸಲ ಏರಿಳಿಯುವಾಗ ದಡದ ಹಳಿಯೂ ಹಡಗಿನ ಹಳಿಯೂ ಒಂದೇ ಮಟ್ಟಕ್ಕೆ ಬರುವುದು ಹೇಗೆ? ಇಳಿಜಾರಿನ ಮೇಲೆ ಗಾಲಿಗಳಿಂದ ಮುಂದಕ್ಕೂ ಹಿಂದಕ್ಕೂ ಸರಿಯುವ ಒಂದು ವೇದಿಕೆಯನ್ನು ಮಾಡಿ ಅವನು ಇದನ್ನು ಬಿಡಿಸಿದ. 1890ರಲ್ಲಿ ಫೋರ್ತ್ ಸೇತುವೆ ತೆರೆಯುವವರೆಗೆ ಆ ವ್ಯವಸ್ಥೆ ನಡೆಯಿತು, ಮತ್ತು ಜಗತ್ತಿನ ಬೇರೆ ಬೇರೆ ಕಡೆ ಅದರ ಮಾದರಿಗಳು ಹುಟ್ಟಿದವು.

ಇಂದಿಗೂ ಕೆಲಸ ನಡೆಯುವ ಬಗೆ ಮೂಲದಲ್ಲಿ ಅದೇ. ಹಡಗು ಧಕ್ಕೆಯ ಗೂಡಿನೊಳಗೆ ಮೂತಿಯನ್ನೋ ಹಿಂಭಾಗವನ್ನೋ ತೂರಿಸಿ ನಿಲ್ಲುತ್ತದೆ. ಒಂದು ತುದಿ ದಡಕ್ಕೆ ಕೀಲಿಸಿದ ಹಳಿಸೇತುವೆ ಕೆಳಗಿಳಿದು ಹಡಗಿನ ಅಂಚಿನ ಮೇಲೆ ಕೂರುತ್ತದೆ. ರೈಲನ್ನು ಎರಡು ಮೂರು ತುಂಡು ಮಾಡಿ, ಶಂಟಿಂಗ್ ಎಂಜಿನ್‌ನಿಂದ ನಡೆಯುವ ವೇಗದಲ್ಲಿ ಒಳಕ್ಕೆ ತಳ್ಳುತ್ತಾರೆ. ಅನೇಕ ಕಡೆ ಎಂಜಿನ್‌ಗೂ ಬೋಗಿಗಳಿಗೂ ನಡುವೆ ಖಾಲಿ ವ್ಯಾಗನ್‌ಗಳನ್ನು ಸೇರಿಸುವುದುಂಟು. ಎಂಜಿನ್ನಿನ ಭಾರ ಸೇತುವೆಯ ಮೇಲೆ ಬೀಳಬಾರದೆಂಬುದು ಅದರ ಉದ್ದೇಶ. ಬೋಗಿಗಳೆಲ್ಲ ಒಂದೇ ಪಕ್ಕದ ಹಳಿಗೆ ಹೋದರೆ ಹಡಗು ಆ ಕಡೆಗೆ ವಾಲುವುದರಿಂದ, ತಳದ ಎರಡು ಬದಿಯ ತೊಟ್ಟಿಗಳ ನಡುವೆ ನೀರನ್ನು ಪಂಪ್ ಮಾಡಿ ಸಮತೂಕ ಕಾಯುತ್ತಾರೆ. ಕೊನೆಗೆ ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಬೋಗಿಗಳನ್ನು ಸರಪಳಿಯಿಂದಲೋ ಉಕ್ಕಿನ ಕೊಕ್ಕೆಗಳಿಂದಲೋ ಡೆಕ್‌ಗೆ ಬಿಗಿಯುತ್ತಾರೆ. ಲಂಡನ್–ಪ್ಯಾರಿಸ್ ನಡುವೆ 1936ರಿಂದ 1980ರವರೆಗೆ ಓಡಿದ ‘ನೈಟ್ ಫೆರಿ’ ರೈಲಿನ ಪ್ರಯಾಣಿಕರನ್ನು ಎಬ್ಬಿಸುತ್ತಿದ್ದುದು ಕಡಲಿನ ಸದ್ದಿಗಿಂತ ಹೆಚ್ಚಾಗಿ ಈ ಸರಪಳಿಗಳ ಗಲಗಲ ಸದ್ದು.

ಭಾರದ ಬಗ್ಗೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ರೈಲಿನ ಭಾರದಿಂದ ಹಡಗು ಮುಳುಗುವುದಿಲ್ಲ. ಒಂದು ಪ್ರಯಾಣಿಕ ಬೋಗಿ ಸುಮಾರು 40ರಿಂದ 50 ಟನ್ ತೂಗುತ್ತದೆ. ಇಂಥ ಎಷ್ಟು ಬೋಗಿ, ಡೆಕ್‌ನ ಯಾವ ಜಾಗದಲ್ಲಿ ನಿಲ್ಲುತ್ತವೆ ಎಂಬುದು ಹಡಗು ಕಟ್ಟುವ ಮೊದಲೇ ಗೊತ್ತಿರುತ್ತದೆ, ಆ ಲೆಕ್ಕದ ಮೇಲೆಯೇ ಹಡಗು ರೂಪುಗೊಳ್ಳುತ್ತದೆ. ಕಟ್ಟಿಹಾಕಿದ ಭಾರ ಹಡಗಿಗೆ ಶತ್ರುವಲ್ಲ. ನಿಜವಾದ ಅಪಾಯ ಬೇರೆ ಕಡೆಯಿದೆ. ರೈಲು ಒಳಗೆ ಬರಲು ಹಡಗಿನ ಒಂದು ತುದಿ ಪೂರ್ತಿ ತೆರೆದುಕೊಳ್ಳಬೇಕು. ಒಳಗೆ ಈ ತುದಿಯಿಂದ ಆ ತುದಿಯವರೆಗೆ ಅಡ್ಡಗೋಡೆಯೇ ಇಲ್ಲದ ಸಪಾಟು ಡೆಕ್ ಇರಬೇಕು. ಸಾಮಾನ್ಯ ಹಡಗಿನಲ್ಲಿ ಒಂದು ಕೋಣೆಗೆ ನುಗ್ಗಿದ ನೀರು ಅಲ್ಲೇ ನಿಲ್ಲುವಂತೆ ಅಡ್ಡಗೋಡೆಗಳಿರುತ್ತವೆ, ಇಲ್ಲಿ ಆ ಡೆಕ್ ಮೇಲೆ ಅವುಗಳಿಗೆ ಜಾಗವಿಲ್ಲ.

ಅಗಲವಾದ ಹರಿವಾಣದಲ್ಲಿ ಎರಡು ಬೆರಳು ನೀರು ತುಂಬಿಕೊಂಡು ನಡೆದು ನೋಡಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಸ್ವಲ್ಪ ವಾಲಿದರೂ ನೀರೆಲ್ಲ ಆ ಕಡೆಗೇ ನುಗ್ಗಿ ಹರಿವಾಣವನ್ನು ಇನ್ನಷ್ಟು ವಾಲಿಸುತ್ತದೆ. 100 ಮೀಟರ್ ಉದ್ದ, 15 ಮೀಟರ್ ಅಗಲದ ಡೆಕ್ ಮೇಲೆ ಮೊಣಕಾಲಿಗಿಂತ ಕೆಳಗೆ, ಬರೀ 30 ಸೆಂಟಿಮೀಟರ್ ನೀರು ನಿಂತಿತೆಂದು ಇಟ್ಟುಕೊಳ್ಳಿ. ಅದರ ತೂಕ ಸುಮಾರು 450 ಟನ್. ಅಂದರೆ ಹತ್ತು ಬೋಗಿಗಳಷ್ಟು ಭಾರ, ಅದೂ ಸರಪಳಿ ಬಿಗಿಯದ ಭಾರ, ಪ್ರತಿ ಅಲೆಗೂ ಒಂದು ಬದಿಯಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತದೆ.

ನಿಮ್ಮ ಪತ್ನಿಯವರು ಓದಿದ ಜಪಾನಿನ ಹಡಗು ‘ತೋಯಾ ಮಾರು’. ಹೊನ್ಶು ದ್ವೀಪದ ಅವೊಮೊರಿಯಿಂದ ಹೊಕ್ಕೈಡೊ ದ್ವೀಪದ ಹಕೊದಾತೆಗೆ 113 ಕಿಲೋಮೀಟರ್ ದೂರದ ಈ ದಾರಿಯಲ್ಲಿ 1908ರಲ್ಲಿ ರೈಲ್ವೆಯ ಹಡಗು ಸೇವೆ ಆರಂಭವಾಯಿತು. 1925ರಿಂದ ವ್ಯಾಗನ್‌ಗಳನ್ನೇ ಹಡಗಿಗೆ ಏರಿಸಿ ಸಾಗಿಸತೊಡಗಿದರು. ಹೊಕ್ಕೈಡೊದ ಕಲ್ಲಿದ್ದಲು ಮತ್ತು ಆಹಾರ ಪದಾರ್ಥಗಳು ಮುಖ್ಯ ದ್ವೀಪಕ್ಕೆ ಬರುತ್ತಿದ್ದುದು ಬಹುಪಾಲು ಹೀಗೆಯೇ. 1945ರ ಜುಲೈನಲ್ಲಿ ಅಮೆರಿಕದ ವಿಮಾನದಾಳಿಗೆ ಈ ದಾರಿಯ ಹಡಗುಗಳಲ್ಲಿ ಹೆಚ್ಚಿನವು ನಾಶವಾದವು. ಯುದ್ಧದ ನಂತರ, 1947ರಲ್ಲಿ ಹೊಸದಾಗಿ ಬಂದ ಹಡಗುಗಳಲ್ಲಿ ತೋಯಾ ಮಾರು ಒಂದು.

1954ರ ಸೆಪ್ಟೆಂಬರ್ 26ರ ಮಧ್ಯಾಹ್ನ ಅದು ಹಕೊದಾತೆಯಿಂದ ಹೊರಡಬೇಕಿತ್ತು. ಅರ್ಧದಾರಿಯಿಂದ ಮರಳಿದ ಇನ್ನೊಂದು ಹಡಗಿನ ಪ್ರಯಾಣಿಕರನ್ನೂ ಬೋಗಿಗಳನ್ನೂ ಹತ್ತಿಸಿಕೊಳ್ಳುವಷ್ಟರಲ್ಲಿ ತಡವಾಯಿತು. ಹೊರಡಬೇಕೆನ್ನುವಾಗ ವಿದ್ಯುತ್ ಕೈಕೊಟ್ಟು ಹಳಿಸೇತುವೆ ಮೇಲೇಳಲಿಲ್ಲ. ಕಪ್ತಾನ ಪ್ರಯಾಣವನ್ನು ಮುಂದೂಡಿದ. ಸಂಜೆ ಐದರ ಹೊತ್ತಿಗೆ ಮಳೆ ನಿಂತು ಆಕಾಶ ತಿಳಿಯಾದಾಗ, ಚಂಡಮಾರುತದ ಕಣ್ಣು ದಾಟುತ್ತಿದೆ, ಇನ್ನು ಗಾಳಿ ಇಳಿಯುತ್ತದೆ ಎಂದು ಅವನು ತರ್ಕಿಸಿದ. ಆಗ ಕೈಯಲ್ಲಿದ್ದ ಮಾಹಿತಿಯ ಮಟ್ಟಿಗೆ ಅದು ತೀರಾ ಅವಿವೇಕದ ತರ್ಕವೂ ಆಗಿರಲಿಲ್ಲ. ಆದರೆ ಅದು ಕಣ್ಣಾಗಿರಲಿಲ್ಲ. ಚಂಡಮಾರುತ ಇನ್ನೂ ಪಶ್ಚಿಮದ ಕಡಲಿನಲ್ಲೇ ವೇಗ ತಗ್ಗಿಸಿಕೊಂಡು ಬಲಗೊಳ್ಳುತ್ತಿತ್ತು. ಸಂಜೆ 6:39ಕ್ಕೆ ಹಡಗು ಹೊರಟಿತು. ಬಂದರಿನ ಬಾಗಿಲು ದಾಟುತ್ತಲೇ ಗಾಳಿ ಎಷ್ಟು ಬಿರುಸಾಯಿತೆಂದರೆ ಮುಂದೆ ಹೋಗಲಾರದೆ ಅಲ್ಲೇ ಲಂಗರು ಹಾಕಬೇಕಾಯಿತು.

ತೋಯಾ ಮಾರುವಿನ ಹಿಂಭಾಗದಲ್ಲಿ ರೈಲು ಒಳಬರುವ ಜಾಗಕ್ಕೆ ಬಾಗಿಲೇ ಇರಲಿಲ್ಲ. ಇದು ಯಾರೋ ಮರೆತ ಸಂಗತಿಯಲ್ಲ, ತಿಳಿದೇ ಬಿಟ್ಟದ್ದು: ಅಲೆಗೆ ಹಿಂಭಾಗ ತಗ್ಗಿದಾಗ ಒಳಬಂದ ನೀರು, ಮರುಕ್ಷಣ ಹಿಂಭಾಗ ಎದ್ದಾಗ ತಾನಾಗಿಯೇ ಹರಿದುಹೋಗುತ್ತದೆ ಎಂದು ನಂಬಿದ್ದರು, ಎಷ್ಟೋ ವರ್ಷ ಹಾಗೆಯೇ ನಡೆದಿತ್ತು ಕೂಡ. ಆ ರಾತ್ರಿಯ ಅಲೆಗಳ ಉದ್ದ ಹಡಗಿನ ಉದ್ದಕ್ಕೆ ಹತ್ತಿರವಿದ್ದುದರಿಂದ ಹಿಂದಿನ ನೀರು ಹೊರಹೋಗುವ ಮೊದಲೇ ಮುಂದಿನದು ಒಳನುಗ್ಗಿತು. ಡೆಕ್ ಮೇಲೆ ನಿಂತ ನೀರು ಕೆಳಗಿನ ಬಾಯ್ಲರ್ ಮತ್ತು ಎಂಜಿನ್ ಕೋಣೆಗಳಿಗೆ ಸೋರಿ ಎಂಜಿನ್‌ಗಳು ನಿಂತವು. ಲಂಗರು ಎಳೆದುಕೊಂಡು ದಡದತ್ತ ತೇಲಿದ ಹಡಗು ಮರಳುದಿಣ್ಣೆಗೆ ತಾಗಿ, ಅಲ್ಲಿ ಭದ್ರವಾಗಿ ನಿಲ್ಲಬಹುದೆಂಬ ಆಸೆಯನ್ನೂ ಹುಸಿಯಾಗಿಸಿ, ರಾತ್ರಿ ಹನ್ನೊಂದಕ್ಕೆ ಮೊದಲೇ ಮಗುಚಿತು. ಸತ್ತವರು 1,100ಕ್ಕೂ ಹೆಚ್ಚು. ಅದೇ ರಾತ್ರಿ, ಅದೇ ಬಂದರಿನ ಸುತ್ತ, ರೈಲು ಹೊರುವ ಇನ್ನೂ ನಾಲ್ಕು ಹಡಗುಗಳು ಮುಳುಗಿದವು. ಐದೂ ಹಡಗುಗಳಿಗೆ ಸಮಾನವಾಗಿದ್ದುದು ತೆರೆದ ಹಿಂಭಾಗ.

ಬಾಗಿಲಿದ್ದರೂ ಅದು ದುರ್ಬಲವಾಗಿದ್ದರೆ ಪ್ರಯೋಜನವಿಲ್ಲ ಎಂಬುದಕ್ಕೆ ಅಮೆರಿಕದ ಮಿಷಿಗನ್ ಸರೋವರದ ‘ಮಿಲ್ವಾಕಿ’ ಸಾಕ್ಷಿ. 1929ರ ಅಕ್ಟೋಬರ್ 22ರಂದು ಬಿರುಗಾಳಿಯಲ್ಲೇ ಹೊರಟ ಆ ಹಡಗಿನಿಂದ ಒಬ್ಬರೂ ಬದುಕಿ ಬರಲಿಲ್ಲ. ಹಡಗಿನ ಲೆಕ್ಕಾಧಿಕಾರಿ ಬರೆದು ಪೆಟ್ಟಿಗೆಯಲ್ಲಿಟ್ಟ ಚೀಟಿಯೊಂದು ನಂತರ ಸಿಕ್ಕಿತು: ಹಿಂಬಾಗಿಲು ಒಳಕ್ಕೆ ಬಾಗಿದೆ, ಪಂಪ್‌ಗಳು ನಡೆಯುತ್ತಿದ್ದರೂ ನೀರನ್ನು ತಡೆಯಲಾಗುತ್ತಿಲ್ಲ, ಮಿಲ್ವಾಕಿ ಬಂದರಿಗೆ ಮರಳುತ್ತಿದ್ದೇವೆ ಎಂಬುದು ಅದರ ಸಾರ. ಇಂಥ ಹಡಗುಗಳ ಬಗ್ಗೆ ನಾನು ಓದಿರುವ ಸಾವಿರಾರು ಪುಟಗಳ ತನಿಖಾ ವರದಿಗಳಿಗಿಂತ ಆ ಚೀಟಿ ಹೆಚ್ಚು ಹೇಳುತ್ತದೆ. ವಾಹನಗಳನ್ನು ಹೊರುವ ಯಾವುದೇ ಹಡಗನ್ನು ಪರಿಶೀಲಿಸಲು ಹೋದಾಗ ನಾನು ಮೊದಲು ನೋಡುತ್ತಿದ್ದುದು ಬಾಗಿಲಿನ ಅಂಚಿನ ರಬ್ಬರ್ ಪಟ್ಟಿಯನ್ನು, ಅದು ಎಲ್ಲಾದರೂ ಒಣಗಿ ಬಿರಿದಿದೆಯೇ ಎಂದು. ಆಮೇಲೆ ಡೆಕ್ ಅಂಚಿನ ನೀರುಗಂಡಿಗಳನ್ನು. ಬಣ್ಣ ಬಳಿಯುವಾಗ ಉಳಿದ ಒಂದು ಹಿಡಿ ಚಿಂದಿಬಟ್ಟೆ ಸಾಕು, ಗಂಡಿ ಕಟ್ಟಿಕೊಳ್ಳಲು.

ತೋಯಾ ಮಾರುವಿನ ನಂತರ ಜಪಾನ್ ಸುಮ್ಮನೆ ಕೂರಲಿಲ್ಲ. ಉಳಿದ ಹಡಗುಗಳ ಹಿಂಭಾಗಕ್ಕೆ ನೀರು ಸೋರದ ಬಾಗಿಲು ಕೂರಿಸಿದರು, ಕಲ್ಲಿದ್ದಲಿನ ಬದಲು ಡೀಸೆಲ್ ಎಂಜಿನ್‌ಗಳ ಹೊಸ ಹಡಗುಗಳು ಬಂದವು. 1964ರಿಂದ ಓಡಿದ ಆ ಹೊಸ ಹಡಗುಗಳು 3 ಗಂಟೆ 50 ನಿಮಿಷದಲ್ಲಿ ದಾಟುತ್ತಿದ್ದವು. ಮೊದಲೇ ಸರ್ವೆ ನಡೆದಿದ್ದ ಸುರಂಗದ ಯೋಜನೆಗೆ ದುರಂತದಿಂದ ವೇಗ ಬಂದು, 53.85 ಕಿಲೋಮೀಟರ್ ಉದ್ದದ ಸೈಕನ್ ಸುರಂಗ 1988ರ ಮಾರ್ಚ್ 13ರಂದು ತೆರೆಯಿತು. ಅಂದೇ ಹಡಗಿನ ನಿಯತ ಸೇವೆ ಕೊನೆಗೊಂಡಿತು. ಮಗಳ ಜೊತೆ ಎಂದಾದರೂ ಜಪಾನಿಗೆ ಹೋದರೆ ಅವೊಮೊರಿಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಹಕ್ಕೋದಾ ಮಾರು’ವಿನ ಒಳಗೆ ಇಳಿದು ರೈಲಿನ ಡೆಕ್ಕನ್ನು ನೋಡಿ ಬನ್ನಿ; ಹಳಿಗಳು ಈಗಲೂ ಅಲ್ಲಿವೆ. ಯುರೋಪಿನಲ್ಲೂ ಪಾಠ ಸುಲಭವಾಗಿ ಬರಲಿಲ್ಲ. 1987ರಲ್ಲಿ ಬಾಗಿಲು ಮುಚ್ಚದೆಯೇ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ವಾಹನಗಳ ಹಡಗು ಮಗುಚಿ 193 ಜನ ಸತ್ತರು, 1993ರ ಜನವರಿಯಲ್ಲಿ ಪೋಲೆಂಡಿನ ‘ಯಾನ್ ಹೆವೆಲಿಯುಷ್’ ಎಂಬ ರೈಲು ಹಡಗು ಬಾಲ್ಟಿಕ್ ಕಡಲಿನಲ್ಲಿ ಬಿರುಗಾಳಿಗೆ ಮಗುಚಿತು. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ಕಪ್ತಾನನ ಮುಂದೆಯೇ ತೋರಿಸುವ ದೀಪಗಳು, ಡೆಕ್ ಮೇಲೆ ಕಣ್ಣಿಡುವ ಕ್ಯಾಮೆರಾಗಳು, ಡೆಕ್‌ಗೆ ನೀರು ನುಗ್ಗಿದರೂ ಮಗುಚದಂತೆ ಲೆಕ್ಕ ಹಾಕಬೇಕೆಂಬ ನಿಯಮಗಳು ಈ ಸಾವುಗಳ ಬೆನ್ನಿಗೇ ಬಂದವು.

ಈಗ ನಿಮ್ಮ ಪ್ರಯಾಣ. ಇಟಲಿಯ ಮುಖ್ಯಭೂಮಿಗೂ ಸಿಸಿಲಿಗೂ ನಡುವಿನ ಮೆಸ್ಸಿನಾ ಜಲಸಂಧಿ ತೀರಾ ಕಿರಿದಾದಲ್ಲಿ ಸುಮಾರು 3 ಕಿಲೋಮೀಟರ್ ಅಗಲವಿದೆ. ಅಲ್ಲಿ 1899ರಿಂದ ರೈಲು ಹಡಗುಗಳು ಓಡುತ್ತಿವೆ. ಸೇತುವೆಯ ಮಾತು ದಶಕಗಳಿಂದ ಕೇಳಿಬರುತ್ತಿದ್ದರೂ ಅದು ಇನ್ನೂ ಮೇಲೆದ್ದಿಲ್ಲ. ರೈಲು ವಿಲ್ಲಾ ಸಾನ್ ಜೊವಾನ್ನಿ ಎಂಬಲ್ಲಿ ತುಂಡಾಗಿ ಹಡಗು ಸೇರುತ್ತದೆ, ಮೆಸ್ಸಿನಾದಲ್ಲಿ ಮತ್ತೆ ಜೋಡಣೆಯಾಗುತ್ತದೆ. ನೀರಿನ ಮೇಲೆ ಇರುವುದು ಅರ್ಧ ಗಂಟೆಯ ಆಸುಪಾಸು; ಉಳಿದ ಸಮಯವೆಲ್ಲ ಶಂಟಿಂಗ್‌ಗೆ ಹೋಗುತ್ತದೆ. ತೋಯಾ ಮಾರು ದಾಟಬೇಕಿದ್ದ ತೆರೆದ ಕಡಲಿಗೂ ಎರಡೂ ದಡ ಕಣ್ಣಿಗೆ ಕಾಣುವ ಈ ಜಲಸಂಧಿಗೂ ಹೋಲಿಕೆಯಿಲ್ಲ. ಗಾಳಿ ಜೋರಾದರೆ ಹಡಗು ಹೊರಡುವುದೇ ಇಲ್ಲ. ನಿಮಗೆ ಎದುರಾಗಬಹುದಾದ ತೊಂದರೆ ಬಹುಮಟ್ಟಿಗೆ ವಿಳಂಬದ್ದು.

ಬೋಗಿಯಲ್ಲೇ ಕುಳಿತಿರಲು ಅವಕಾಶವಿದೆ. ಎಂಜಿನ್ ಕಳಚಿರುವುದರಿಂದ ಏಸಿ ನಿಂತು ಬೇಸಿಗೆಯಲ್ಲಿ ಸೆಖೆಯಾಗಬಹುದು. ತುರ್ತು ಸಂದರ್ಭ ಬಂದರೆ ಎರಡು ಬೋಗಿಗಳ ನಡುವಿನ ಕಿರಿದಾದ ಜಾಗದಲ್ಲಿ ಇಳಿದು, ಮೆಟ್ಟಿಲು ಹುಡುಕಿ ಮೇಲಕ್ಕೆ ಹೋಗಬೇಕು. ಮಂಡಿನೋವಿರುವವರಿಗೆ ಅದು ಕಷ್ಟ. ಆದ್ದರಿಂದ ಸಾಧ್ಯವಿದ್ದರೆ ಮೇಲಿನ ಡೆಕ್‌ಗೆ ಹೋಗಿ ಕೂರುವುದನ್ನೇ ನಾನು ಸೂಚಿಸುತ್ತೇನೆ. ಆದರೆ ಮೆಟ್ಟಿಲು ಕಡಿದಾಗಿರುತ್ತದೆ, ರೈಲಿನ ಪಾವಟಿಗೆಯಿಂದ ಡೆಕ್‌ಗೆ ಇಳಿಯುವ ಎತ್ತರವೂ ಹೆಚ್ಚು. ಈ ಹಡಗುಗಳಲ್ಲಿ ದಿನನಿತ್ಯ ಕಾಲು ಜಾರಿ ಬೀಳುವ ಸಾಧ್ಯತೆ ಹಡಗು ಮಗುಚುವ ಸಾಧ್ಯತೆಗಿಂತ ಬಹಳ ದೊಡ್ಡದು. ನಿಮ್ಮ ಪತ್ನಿಯವರಿಗೆ ಮೆಟ್ಟಿಲು ಹತ್ತುವುದು ತೀರಾ ಯಾತನೆಯೆನಿಸಿದರೆ, ಹವೆ ಶಾಂತವಾಗಿರುವ ದಿನ ಅವರು ಬೋಗಿಯಲ್ಲಿ ಉಳಿದು ನೀವೋ ಮಗಳೋ ಜೊತೆಗಿರುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ವಿಲ್ಲಾ ಸಾನ್ ಜೊವಾನ್ನಿಯಲ್ಲಿ ರೈಲು ಇಳಿದು, ಪ್ರಯಾಣಿಕರ ಹಡಗಿನಲ್ಲಿ ದಾಟಿ, ಮೆಸ್ಸಿನಾದಲ್ಲಿ ಬೇರೆ ರೈಲು ಹಿಡಿಯುವುದು ಇನ್ನೊಂದು ದಾರಿ. ಸಮಯ ಉಳಿಯುತ್ತದೆ; ಸಾಮಾನು ಎಳೆದುಕೊಂಡು ನಡೆಯಬೇಕಾಗುತ್ತದೆ. ಇದು ಪೂರ್ತಿ ನಿರಪಾಯವೆಂದೂ ತಿಳಿಯಬೇಡಿ: 2007ರ ಜನವರಿಯಲ್ಲಿ ಇದೇ ಜಲಸಂಧಿಯಲ್ಲಿ ಪ್ರಯಾಣಿಕರ ವೇಗದ ನೌಕೆಯೊಂದು ಸರಕು ಹಡಗಿಗೆ ಡಿಕ್ಕಿಯಾಗಿ ನಾಲ್ವರು ಸತ್ತಿದ್ದರು. ಈ ಜಾಗದಲ್ಲಿ ಬಿರುಗಾಳಿಗಿಂತ ಹಡಗುಗಳ ದಟ್ಟಣೆಯೇ ಹೆಚ್ಚು ಎಚ್ಚರ ಬೇಡುವ ಸಂಗತಿ. ಭಯ ಯಾವ ಮಾತಿಗೂ ಇಳಿಯದಿದ್ದರೆ ರೋಮ್‌ನಿಂದ ಸಿಸಿಲಿಯ ಕತಾನಿಯಾಕ್ಕೋ ಪಲೆರ್ಮೊಗೋ ವಿಮಾನಗಳಿವೆ; ಭಯಪಟ್ಟವರನ್ನು ಒತ್ತಾಯಿಸಿ ಕರೆದೊಯ್ಯುವ ಪ್ರಯಾಣ ಯಾರಿಗೂ ಸುಖ ಕೊಡದು.

ನಿಮ್ಮ ಸ್ಥಾನದಲ್ಲಿ ನಾನಿದ್ದರೆ ರೈಲಿನಲ್ಲೇ ಹೋಗುತ್ತಿದ್ದೆ, ಆದರೆ ರಾತ್ರಿಯ ರೈಲಿನ ಬದಲು ರೋಮ್‌ನಿಂದ ಬೆಳಿಗ್ಗೆ ಹೊರಡುವ ಇಂಟರ್‌ಸಿಟಿಯನ್ನು ಆರಿಸುತ್ತಿದ್ದೆ. ಅದು ಹಗಲಿನಲ್ಲೇ ದಾಟುವುದರಿಂದ ನಿದ್ದೆಗಣ್ಣಿನಲ್ಲಿ ಮೆಟ್ಟಿಲು ಹತ್ತುವ ಪ್ರಮೇಯ ಬರುವುದಿಲ್ಲ. ಬೋಗಿಯಿಂದ ಇಳಿಯುವ ಮೊದಲು ಬೋಗಿಯ ಸಂಖ್ಯೆಯನ್ನೂ, ಅದು ಎಷ್ಟನೆಯ ಹಳಿಯ ಮೇಲಿದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ಮರಳಿ ಬರುವಾಗ ನಾಲ್ಕೂ ಸಾಲುಗಳು ಒಂದೇ ತೆರನಾಗಿ ಕಾಣುತ್ತವೆ. ಪಾಸ್‌ಪೋರ್ಟು ಮತ್ತು ಔಷಧಿಗಳ ಚೀಲ ಜೊತೆಯಲ್ಲೇ ಇರಲಿ. ಗಾಳಿಯಿಂದ ಕೆಲವು ಗಂಟೆ ತಡವಾದರೂ ಅಡ್ಡಿಯಾಗದಂತೆ, ಸಿಸಿಲಿ ತಲುಪುವ ದಿನ ಮುಂದಿನ ಯಾವ ಟಿಕೆಟನ್ನೂ ಕಾದಿರಿಸಬೇಡಿ.